ಹೊಸದಾಗಿ ಬಂದೋರಿಗೆ: ಒಣಮೀನು, ಗ್ಯಾಸ್ಟ್ರಿಕ್ಕು, ಎಂಡೋಸ್ಕೋಪಿ ರಿಪೋರ್ಟು

ಕೈಗಾಕ್ಕೋ ನೇವಲ್ ಬೇಸಿಗೋ ಟ್ರಾನ್ಸ್‌ಫರ್ ಆಗಿ ಕಾರವಾರಕ್ಕೆ ಬರೋ ಮನೆಯವರು ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲ ವಿಚಾರಿಸಿದ ಮೇಲೆ ನಮ್ಮ ಸಂಘದಲ್ಲಿ ಇದನ್ನೂ ಕೇಳ್ತಾರೆ: ಇಲ್ಲಿ ಒಣಮೀನು, ಉಪ್ಪಿನಕಾಯಿ ಜಾಸ್ತಿ ತಿಂತಾರಲ್ಲ, ಹೊಟ್ಟೆ ಕ್ಯಾನ್ಸರ್ ಬರುತ್ತಾ ಅಂತ.

ಊರು ಬಿಟ್ಟು ಊರಿಗೆ ಬಂದ ಕೂಡ್ಲೇ ರಿಸ್ಕ್ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಜಪಾನಿಂದ ಹವಾಯಿಗೆ ಹೋಗಿ ನೆಲೆಸಿದವರಲ್ಲಿ ಮೊದಲ ತಲೆಮಾರಿಗೆ ಈ ಕ್ಯಾನ್ಸರ್ ಜಾಸ್ತಿನೇ ಇತ್ತು, ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಕಮ್ಮಿಯಾಯ್ತು, ಯಾಕಂದ್ರೆ ಮುಖ್ಯ ಕಾರಣವಾದ ಎಚ್. ಪೈಲೋರಿ ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಯೊಳಗೇ ಅಂಟಿ ವರ್ಷಗಟ್ಟಲೆ ಹೊಟ್ಟೆಯಲ್ಲೇ ಉಳಿಯುತ್ತೆ. ಪ್ರಪಂಚದಲ್ಲಿ ಜಪಾನ್, ಕೊರಿಯಾ, ಮಂಗೋಲಿಯಾ ಕಡೆ ಈ ಕಾಯಿಲೆ ಜಾಸ್ತಿ, ಕೊರಿಯಾದಲ್ಲಂತೂ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದಿಂದಲೇ ತಪಾಸಣೆ. ನಮ್ಮ ದೇಶದಲ್ಲಿ ಮಿಜೋರಾಂ ಎಲ್ಲರಿಗಿಂತ ಮುಂದೆ, ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ, ಉಪ್ಪು, ತಂಬಾಕು ಹೊಗೆ ಹಾಯಿಸಿದ ನೀರು 'ತುಯಿಬುರ್' ಎಲ್ಲ ಸೇರುತ್ತೆ. ಈ ಬ್ಯಾಕ್ಟೀರಿಯಾ ನಮ್ಮಲ್ಲಿ ತುಂಬ ಜನರಿಗಿದ್ರೂ ಕ್ಯಾನ್ಸರ್ ಆಗೋದು ಕೆಲವರಿಗೆ ಮಾತ್ರ, ಹಾಗಾಗಿ ಹೆದರಬೇಡಿ.

ಈಗ ಒಣಮೀನು. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಅದಕ್ಕೇ ಮೇ ತಿಂಗಳಲ್ಲಿ ಮಾರ್ಕೆಟ್ಟಿನಲ್ಲಿ ಒಣ ಶೆಟ್ಲಿ (ಸಿಗಡಿ), ಒಣ ಬಾಂಗಡೆ ರಾಶಿ ಬೀಳುತ್ತೆ, ಮಳೆಗಾಲಕ್ಕೆ ಎಲ್ಲರೂ ಕಟ್ಟಿಸ್ಕೊಂಡು ಹೋಗ್ತಾರೆ. ತಿನ್ನಿ, ಆದ್ರೆ ಉಪ್ಪು ಹಾಕಿ ಒಣಗಿಸಿದ್ದನ್ನ ಅರ್ಧ ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೆರಡು ಸಲ ತೊಳೆದು ಆಮೇಲೆ ಒಲೆಗಿಡಿ. ಅತಿ ಉಪ್ಪು ಹೊಟ್ಟೆಯ ಒಳಪದರವನ್ನ ಕೆಡಿಸುತ್ತೆ, ಬ್ಯಾಕ್ಟೀರಿಯಾಗೂ ಅನುಕೂಲ ಮಾಡಿಕೊಡುತ್ತೆ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಮ್ಮಿ ಇರ್ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಗಂಜಿ ಜೊತೆ ಒಣಮೀನು, ಶಿರಸಿ ಅಪ್ಪೆಮಿಡಿ, ಹಪ್ಪಳ ಮೂರೂ ದಿನಾ ಬಿದ್ರೆ ಅದು ದಾಟೋದು ಕಷ್ಟವೇನಲ್ಲ. ಬೀಡಿ ಸಿಗರೇಟಂತೂ ಹೊಟ್ಟೆಗೂ ಕೆಟ್ಟದ್ದೇ.

ಇನ್ನು ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ಒಳಗೆ ನೋಡೋ ಪರೀಕ್ಷೆ) ರಿಪೋರ್ಟು. 'ಅಟ್ರೋಫಿಕ್ ಗ್ಯಾಸ್ಟ್ರೈಟಿಸ್' ಅಂದ್ರೆ ಒಳಪದರ ಸವೆದಿದೆ ಅಂತ, 'ಇಂಟೆಸ್ಟೈನಲ್ ಮೆಟಾಪ್ಲೇಸಿಯಾ' ಅಂದ್ರೆ ಅಲ್ಲಿ ಕರುಳಿನಂಥ ಜೀವಕೋಶ ಬಂದಿದೆ ಅಂತ, ಎರಡೂ ಕ್ಯಾನ್ಸರ್ ಅಲ್ಲ, ಹೆಚ್ಚಿನವರಿಗೆ ಮುಂದೆ ಆಗೋದೂ ಇಲ್ಲ, ಆದ್ರೆ ಹೊಟ್ಟೆ ತುಂಬ ಹಬ್ಬಿದ್ರೆ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು ಅಂತ ಯುರೋಪಿನ ಮಾರ್ಗಸೂಚಿ ಹೇಳುತ್ತೆ. 'ಡಿಸ್‌ಪ್ಲೇಸಿಯಾ', ಅಂದ್ರೆ ಜೀವಕೋಶಗಳು ಕ್ಯಾನ್ಸರ್ ಕಡೆ ತಿರುಗೋ ಥರ ಬದಲಾಗಿವೆ, ಅಂತಿದ್ರೆ ಮಾತ್ರ ತಡ ಮಾಡ್ಲೇಬೇಡಿ.

ಮೆಡಿಕಲ್ ಶಾಪಿಂದ ಗ್ಯಾಸ್ ಮಾತ್ರೆ ತಗೊಂಡು ತಿಂಗಳಾನುಗಟ್ಟಲೆ ನುಂಗೋದು ನಮ್ಮಲ್ಲಿ ದೊಡ್ಡ ಚಟ, ನಮಗೆ ನಿಜಕ್ಕೂ ಚಿಂತೆ ಇರೋದು ಇದರದ್ದೇ. ತೂಕ ಇಳೀತಿದ್ರೆ, ಕಪ್ಪು ಮಲ ಹೋದ್ರೆ, ನುಂಗೋಕೆ ಕಷ್ಟ ಆದ್ರೆ, ವಾಂತಿ ನಿಲ್ಲದಿದ್ರೆ, ಕಾರಣವಿಲ್ದೆ ರಕ್ತ ಕಮ್ಮಿ ಅಂತ ಬಂದ್ರೆ ಸೀದಾ ಡಾಕ್ಟ್ರ ಹತ್ರ ಹೋಗಿ. ಪೈಲೋರಿ ಟೆಸ್ಟಿಗೆ ಎರಡು ವಾರ ಮೊದ್ಲೇ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಡಾಕ್ಟ್ರನ್ನ ಕೇಳಿ ನಿಲ್ಲಿಸ್ಬೇಕು, ಇಲ್ಲಾಂದ್ರೆ ಇದ್ರೂ ಇಲ್ಲ ಅಂತ ಬರಬಹುದು. ಪೈಲೋರಿ ಇದೆ ಅಂತ ಬಂದ್ರೆ, ಕೊಟ್ಟ ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಿ.

ಮೊದಲು ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ, ಆಯುಷ್ಮಾನ್ ಕಾರ್ಡಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗೋದಿದ್ರೆ ರೆಫರಲ್ ಕಾಗದ ಅಲ್ಲೇ ಕೇಳಿ. ಅಪ್ಪ ಅಮ್ಮ ಅಣ್ಣ ತಂಗಿ ಯಾರಿಗಾದ್ರೂ ಹೊಟ್ಟೆ ಕ್ಯಾನ್ಸರ್ ಆಗಿತ್ತಾ, ನೀವು ಬೆಳೆದದ್ದು ಯಾವ ಕಡೆ, ಡಾಕ್ಟ್ರು ಕೇಳದಿದ್ರೂ ಹೇಳಿ. ಹಳೇ ಊರಲ್ಲಿ ಎಂಡೋಸ್ಕೋಪಿ ಆಗಿದ್ರೆ ಬಯಾಪ್ಸಿ (ಒಳಪದರದ ಚೂರು ತೆಗೆದು ಮಾಡೋ ಪರೀಕ್ಷೆ) ರಿಪೋರ್ಟು, ಆ ಚೂರಿನ ಸ್ಲೈಡು ಎರಡನ್ನೂ ತರಿಸ್ಕೊಳ್ಳಿ.