ಹಳೇ ಸ್ಲಾಟ್ ಕಾರ್ ಮೋಟರ್ ತಗೊಳ್ಳೋ ಮೊದಲ
ಹುಬ್ಬಳ್ಳಿ ಗುಜರಿಯೊಳಗ ಹಳೇ ಸ್ಲಾಟ್ ಕಾರ್ (ಟ್ರ್ಯಾಕಿನ ಸೀಳಿನ್ಯಾಗ ಓಡೋ ಕರೆಂಟಿನ ಆಟಿಕಿ ಕಾರು) ಸಿಕ್ಕರ ಮೊದಲ ಮೋಟರ್ ನೋಡ್ರಿ. ತಗಡಿನ ಡಬ್ಬಿಯೊಳಗ ಮುಚ್ಚಿದ್ದಿದ್ರ 1960ರ ದಶಕದ ಜಪಾನಿನ ಮಬೂಚಿ ಕಂಪನಿದು ಇರಬಹುದು. ಅದರ ಮಾಡೆಲಿನ್ಯಾಗ ಎಫ್‌ಟಿ-16 ಸಣ್ಣದು, ಎಫ್‌ಟಿ-36 ದೊಡ್ಡದು. ತಂತಿ ಸುರುಳಿ ಹೊರಗ ಕಾಣತಿದ್ರ ಅಮೆರಿಕದ ಪಿಟ್‌ಮನ್ ಕಂಪನಿ ಥರದ್ದು. ಡಬ್ಬಿ ಬಣ್ಣ ಮಾತ್ರ ನಂಬಬ್ಯಾಡ್ರಿ, ಮಬೂಚಿ ಮೋಟರನ್ನ ಬ್ಯಾರೆ ಕಂಪನಿಗಳೂ ತಮ್ಮ ಹೆಸರಿನ್ಯಾಗ ಮಾರ್ಯಾವ.

ಶಾಫ್ಟ್ ಬೆರಳಿಂದ ತಿರುವಿದ್ರ ತಡದು ತಡದು ಹೋಗಬೇಕು. ಒಂಚೂರೂ ತಡಿಲಿಲ್ಲಂದ್ರ ಮ್ಯಾಗ್ನೆಟ್ ಸೋತಿರಬಹುದು. ಆಮ್ಯಾಲೆ ಬ್ರಷ್ (ತಿರುಗೋ ಭಾಗಕ್ಕ ಕರೆಂಟ್ ಮುಟ್ಟಿಸೋ ತುಂಡು) ತೆಗದು, ಕಮ್ಯುಟೇಟರಿನ (ಬ್ರಷ್ ತಾಕೋ, ಶಾಫ್ಟ್ ಮ್ಯಾಲಿನ ಉಂಗುರದ) ಮೂರು ತಾಮ್ರದ ತುಂಡಿನ್ಯಾಗ ಎರಡೆರಡಕ್ಕ ಮಲ್ಟಿಮೀಟರ್ ಹಚ್ರಿ. ಮೂರೂ ಸಲ ಓಮ್ ಹೆಚ್ಚುಕಡಿಮಿ ಒಂದೇ ಬರಬೇಕು; ಬ್ಯಾರೆ ಬಂತಂದ್ರ ಸುರುಳಿ ಸುಟ್ಟದ, ಇಲ್ಲಾ ತಂತಿ ಕಡದದ. ಅಂಥದ್ದಕ್ಕ ಜಾಸ್ತಿ ರೊಕ್ಕ ಕೊಡಬ್ಯಾಡ್ರಿ. ಬ್ರಷ್ ಸವದಿದ್ರ ಚಿಂತಿಲ್ಲ, ಬದಲಿ ಹಾಕಬಹುದು. ಒಮ್ಮಿಗೇ 12 ವೋಲ್ಟ್ ಕೊಡದ 3 ವೋಲ್ಟಿಂದ ಶುರು ಮಾಡ್ರಿ.