ಮಿನ್ನೆಸೋಟದ ಕೆರೆಯಲ್ಲಿ ಬ್ಲೂಗಿಲ್‌ಗೆ ಗಾಳ ಹಾಕುವ ಮುನ್ನ

ಅಮೆರಿಕದಲ್ಲಿ ಕೆರೆಯ ಮೀನಿಗೆ ಗಾಳ ಹಾಕಲು ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಹೀಗಾಗಿ ಮಿನ್ನೆಸೋಟದಲ್ಲಿ ಪಡೆದ ಲೈಸೆನ್ಸ್ ಇಟ್ಟುಕೊಂಡು ಪಕ್ಕದ ವಿಸ್ಕಾನ್ಸಿನ್‌ನ ಒಳನಾಡಿನ ಕೆರೆಯಲ್ಲಿ ಮೀನು ಹಿಡಿಯುವಂತಿಲ್ಲ. ನಮ್ಮ ಕಡೆ ಕೆರೆಯ ಮೀನು ಗುತ್ತಿಗೆ ಹಿಡಿದವರ ಪಾಲು. ಆದರೆ ಹೊಳೆಯ ದಂಡೆಯಲ್ಲಿ ಕುಳಿತು ಒಂದು ಹೊತ್ತಿನ ಸಾರಿಗಾಗುವಷ್ಟು ಹಿಡಿಯುವವರನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆ ರೂಢಿಯಲ್ಲಿ ಬೆಳೆದವರಿಗೆ, ಅಂಗೈಯಗಲದ ಬ್ಲೂಗಿಲ್‌ಗೂ ಇಷ್ಟೊಂದು ನಿಯಮವೇಕೆ ಎನ್ನಿಸುವುದು ಸಹಜ. ಈ ಮೀನಿನ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ನಿಯಮಗಳ ಹಿಂದಿನ ಕಾರಣವೂ ತಿಳಿಯುತ್ತದೆ.

ಮೊದಲು ಲೈಸೆನ್ಸ್. ಇದನ್ನು ಕೊಡುವುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಇಲ್ಲಿ ಎಲ್ಲರೂ ಅದನ್ನು ಡಿಎನ್‌ಆರ್ ಎಂದೇ ಕರೆಯುತ್ತಾರೆ. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಇಲ್ಲಿಯೇ ವಾಸವಿರುವ, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ಲೈಸೆನ್ಸಿನ ವರ್ಷ ಮಾರ್ಚ್ 1ಕ್ಕೆ ಆರಂಭವಾಗಿ ಫೆಬ್ರವರಿ ಕೊನೆಗೆ ಮುಗಿಯುವುದರಿಂದ, ಜನವರಿಯಲ್ಲಿ ಕೊಂಡವರು ಒಂದು ವರ್ಷ ನಿಶ್ಚಿಂತೆ ಎಂದುಕೊಳ್ಳಬಾರದು. ರಾಜ್ಯದ ನಿವಾಸಿ ಎನ್ನಿಸಿಕೊಳ್ಳಲು ಕನಿಷ್ಠ 60 ದಿನ ಸತತವಾಗಿ ಇಲ್ಲಿ ನೆಲೆಸಿರಬೇಕು. ವೀಸಾದ ಮೇಲೆ ಇರುವವರು ತಮ್ಮದು ಯಾವ ವರ್ಗ ಎಂಬುದನ್ನು ಡಿಎನ್‌ಆರ್‌ನಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಹಣ ಕಟ್ಟುವುದು ಒಳ್ಳೆಯದು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಲೈಸೆನ್ಸ್ ಪಡೆಯುವ ಅನುಕೂಲವಿದೆ. ಬೇಸಿಗೆಗೆ ಊರಿನಿಂದ ಬಂದ ಅಪ್ಪ ಅಮ್ಮಂದಿರು ಗಾಳ ಹಿಡಿದು ಕೂರುವುದಾದರೆ, ಅವರಿಗೆ ಹೊರಗಿನವರಿಗೆಂದು ಇರುವ ಅಲ್ಪಾವಧಿಯ ಲೈಸೆನ್ಸ್ ಸಾಕು.

ಅರ್ಜಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಕೇಳಿದಾಗ ಹಲವರು ಗಾಬರಿಯಾಗುತ್ತಾರೆ. ಮಕ್ಕಳ ಪೋಷಣೆಯ ಹಣ ಬಾಕಿ ಉಳಿಸಿಕೊಂಡವರನ್ನು ಪತ್ತೆಹಚ್ಚಲೆಂದು ಫೆಡರಲ್ ಕಾನೂನು ಇದನ್ನು ಕಡ್ಡಾಯ ಮಾಡಿತು. ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದು ಆ ಸಂಖ್ಯೆ ಇಲ್ಲದವರು ಆನ್‌ಲೈನ್‌ನಲ್ಲಿ ಒದ್ದಾಡುವ ಬದಲು ಲೈಸೆನ್ಸ್ ಮಾರುವ ಕೌಂಟರಿಗೇ ಹೋಗಿ, ಸಂಖ್ಯೆ ಇಲ್ಲವೆಂದು ತಿಳಿಸಿ, ಅಲ್ಲಿಯ ಕ್ರಮವನ್ನು ಕೇಳಬೇಕು. ಲೈಸೆನ್ಸ್ ಪಡೆಯುವುದರಿಂದ ಕೆರೆಗಳಿಗೇನು ಲಾಭ ಎಂಬುದನ್ನೂ ಹೇಳಬೇಕು. 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯ ಪ್ರಕಾರ ಗಾಳದ ಸಲಕರಣೆಗಳ ಮೇಲಿನ ಫೆಡರಲ್ ತೆರಿಗೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಆ ಹಂಚಿಕೆಯ ದೊಡ್ಡ ಭಾಗ ನಿಗದಿಯಾಗುವುದು ರಾಜ್ಯದಲ್ಲಿ ಎಷ್ಟು ಜನ ಲೈಸೆನ್ಸ್ ಪಡೆದಿದ್ದಾರೆ ಎಂಬುದರ ಮೇಲೆ. ನೀವು ಕೊಂಡ ಒಂದು ಲೈಸೆನ್ಸ್ ನಿಮ್ಮ ರಾಜ್ಯಕ್ಕೇ ಹಣ ತರುತ್ತದೆ.

ಕೆರೆಯ ನೀರು ಸಾರ್ವಜನಿಕವಾದರೂ ದಂಡೆ ಹಾಗಿರಬೇಕೆಂದಿಲ್ಲ. ಮನೆಗಳ ಹಿತ್ತಲಿನ ಮೂಲಕ ನೀರಿಗೆ ಇಳಿಯುವುದು ಅತಿಕ್ರಮ ಪ್ರವೇಶವಾಗುತ್ತದೆ. ಪಾರ್ಕುಗಳ ದಂಡೆ, ದೋಣಿ ಇಳಿಸುವ ಸರ್ಕಾರಿ ಜಾಗ, ಮೀನು ಹಿಡಿಯಲೆಂದೇ ಕಟ್ಟಿದ ಅಟ್ಟಣೆಗಳು ಬೇಕಾದಷ್ಟಿವೆ. ಮಿನಿಯಾಪೊಲಿಸ್‌ನ ನೊಕೊಮಿಸ್, ಹ್ಯಾರಿಯೆಟ್ ಕೆರೆಗಳಿಗೆ ನಗರದೊಳಗಿನಿಂದಲೇ ಹೋಗಬಹುದು. ಹೊರಡುವ ಮುನ್ನ ಡಿಎನ್‌ಆರ್‌ನ ‘ಲೇಕ್‌ಫೈಂಡರ್’ನಲ್ಲಿ ಕೆರೆಯ ಹೆಸರು ಹಾಕಿದರೆ ಆಳ, ಮೀನಿನ ಸಮೀಕ್ಷೆ, ಆ ಕೆರೆಗೇ ಇರುವ ವಿಶೇಷ ನಿಯಮ ಎಲ್ಲವೂ ಸಿಗುತ್ತವೆ.

ಸಲಕರಣೆಗೆ ಹೆಚ್ಚು ಖರ್ಚು ಬೇಡ. ಐದೂವರೆ ಅಡಿಯ, ಮೃದುವಾಗಿ ಬಾಗುವ ‘ಅಲ್ಟ್ರಾಲೈಟ್’ ಕಡ್ಡಿ, ಪುಟ್ಟ ಸ್ಪಿನ್ನಿಂಗ್ ರೀಲ್, ನಾಲ್ಕು ಪೌಂಡ್ ಭಾರ ತಡೆಯುವ ನೈಲಾನ್ ದಾರ ಸಾಕು. ಬ್ಲೂಗಿಲ್‌ನ ಬಾಯಿ ಬಹಳ ಚಿಕ್ಕದು. ದೊಡ್ಡ ಕೊಕ್ಕೆ ಹಾಕಿದರೆ ಅದು ಎರೆಯನ್ನು ಚೂರುಚೂರಾಗಿ ಕಿತ್ತು ತಿಂದು ಹೋಗುತ್ತದೆಯೇ ಹೊರತು ಸಿಕ್ಕಿಬೀಳುವುದಿಲ್ಲ. ಉದ್ದ ಕಾಲಿನ 8 ಅಥವಾ 10ನೇ ನಂಬರಿನ ಕೊಕ್ಕೆಗೆ ಎರೆಹುಳುವಿನ ಅರ್ಧ ಇಂಚಿನ ತುಂಡು ಚುಚ್ಚಿ, ಅದರ ಮೇಲೆ ಒಂದು ಸಣ್ಣ ಗುಂಡು, ಎರಡು ಮೂರು ಅಡಿ ಎತ್ತರಕ್ಕೆ ಪೆನ್ಸಿಲಿನಂತಹ ತೆಳುವಾದ ಬೆಂಡು ಕಟ್ಟಿ. ಗುಂಡು ಸೀಸದ್ದಾಗದೆ ತವರದ್ದಾಗಿರಲಿ: ಕೆರೆಯ ತಳದಲ್ಲಿ ಉಳಿದ ಸೀಸವನ್ನು ನುಂಗಿ ಇಲ್ಲಿಯ ರಾಜ್ಯಪಕ್ಷಿ ಲೂನ್ ಸಾಯುತ್ತದೆ. ಜೊಂಡಿನ ಅಂಚಿಗೆ ಎಸೆದು ಕಾಯುವಾಗ ಬೆಂಡು ಮೊದಲು ಎರಡು ಸಲ ನಡುಗಿ, ಅನಂತರ ಓರೆಯಾಗಿ ಜಾರುತ್ತದೆ. ಆಗ ಮಣಿಕಟ್ಟನ್ನು ಮೆಲ್ಲಗೆ ಎತ್ತಿದರೆ ಸಾಕು, ಜೋರಾಗಿ ಎಳೆದರೆ ತುಟಿ ಹರಿಯುತ್ತದೆ. ಮೀನನ್ನು ಹಿಡಿಯುವ ಮುನ್ನ ಕೈ ಒದ್ದೆ ಮಾಡಿಕೊಂಡು, ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಬೆನ್ನಿನ ಮುಳ್ಳುಗಳನ್ನು ಮಡಚಿದರೆ ಕೈಗೆ ಚುಚ್ಚುವುದಿಲ್ಲ.

ಇನ್ನು ಮಿತಿಯ ವಿಷಯ. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ನಿಯಮ ಪುಸ್ತಕದಲ್ಲಿ ಬ್ಲೂಗಿಲ್ ಇರುವುದು ‘ಸನ್‌ಫಿಶ್’ ಎಂಬ ಗುಂಪಿನಲ್ಲಿ. ವರ್ಷವಿಡೀ ಹಿಡಿಯಬಹುದು, ರಾಜ್ಯದ ಸಾಮಾನ್ಯ ಮಿತಿ ಆ ಗುಂಪಿಗೆಲ್ಲ ಸೇರಿ 20. ಆದರೆ ಹಲವು ಕೆರೆಗಳಲ್ಲಿ ಅದು ದಿನಕ್ಕೆ 10 ಅಥವಾ 5ಕ್ಕೆ ಇಳಿದಿದೆ. ಮೇ ಕೊನೆ, ಜೂನ್ ತಿಂಗಳಲ್ಲಿ ನೀರು ಬೆಚ್ಚಗಾದಾಗ ಗಂಡು ಮೀನುಗಳು ದಂಡೆಯ ಬಳಿ, ಆಳವಿಲ್ಲದ ಕಡೆ ತಟ್ಟೆಯಾಕಾರದ ಗುಣಿಗಳನ್ನು ಒತ್ತೊತ್ತಾಗಿ ಮಾಡಿ, ಮೊಟ್ಟೆಗಳನ್ನು ಹಗಲೂ ರಾತ್ರಿ ಕಾಯುತ್ತವೆ. ಕಾವಲಿಗಿರುವ ಗಂಡು ಹತ್ತಿರ ಬಂದ ಏನನ್ನಾದರೂ ಕಚ್ಚುವುದರಿಂದ, ಅತಿ ದೊಡ್ಡ ಗಂಡುಗಳೇ ಅತಿ ಸುಲಭವಾಗಿ ಸಿಗುತ್ತವೆ. ಅವುಗಳನ್ನೆಲ್ಲ ಬುಟ್ಟಿಗೆ ಹಾಕಿದರೆ, ಪೈಪೋಟಿ ಇಲ್ಲದ ಎಳೆಯ ಗಂಡುಗಳು ಬೆಳವಣಿಗೆ ಬಿಟ್ಟು ಬೇಗ ಸಂತಾನಕ್ಕೆ ತೊಡಗುತ್ತವೆ. ಕೆಲವೇ ವರ್ಷಗಳಲ್ಲಿ ಆ ಕೆರೆಯ ತುಂಬ ನಾಲ್ಕೈದು ಇಂಚಿನ ಮೀನುಗಳೇ ಉಳಿಯುತ್ತವೆ. ಆದ್ದರಿಂದ ಊಟಕ್ಕೆ ಆರೇಳು ಇಂಚಿನವನ್ನು ಇಟ್ಟುಕೊಂಡು, ಒಂಬತ್ತು ಇಂಚು ಮುಟ್ಟಿದ ಗಂಡನ್ನು ನೀರಿಗೆ ಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆ 20ರ ಮಿತಿಯೆಂದರೆ ಆ ದಿನ ಹಿಡಿದದ್ದಷ್ಟೇ ಅಲ್ಲ, ನಿಮ್ಮ ವಶದಲ್ಲಿರುವುದೆಲ್ಲ; ಮನೆಯ ಫ್ರೀಜರಿನಲ್ಲಿರುವ ಮೀನೂ ಲೆಕ್ಕಕ್ಕೆ ಸೇರುತ್ತದೆ. ವಾರವಾರವೂ ಹಿಡಿದು ಕೂಡಿಟ್ಟು ಕನ್ನಡ ಕೂಟದ ಊಟಕ್ಕೆ ಒಯ್ಯೋಣವೆಂಬ ಯೋಚನೆ ಇಲ್ಲಿ ಸಲ್ಲದು. ಸಂರಕ್ಷಣಾಧಿಕಾರಿ ಬಂದು ಕೇಳಿದರೆ ಲೈಸೆನ್ಸನ್ನೂ ಮೀನಿನ ಬಕೆಟ್ಟನ್ನೂ ತೋರಿಸಬೇಕು. ಉಳಿದ ಎರೆಹುಳುಗಳನ್ನು ಮಣ್ಣಿಗೆ ಸುರಿಯದೆ ಕಸದ ಡಬ್ಬಿಗೆ ಹಾಕಬೇಕು: ಮಿನ್ನೆಸೋಟದ ಕಾಡುಗಳಲ್ಲಿ ಎರೆಹುಳು ಮೂಲದಿಂದ ಇರಲಿಲ್ಲ, ಹೊರಗಿನಿಂದ ಬಂದವು ಅಲ್ಲಿಯ ತರಗೆಲೆಯ ಹಾಸನ್ನೇ ತಿಂದು ಮುಗಿಸುತ್ತಿವೆ. ಬಕೆಟ್ಟಿನ ಕೆರೆಯ ನೀರನ್ನೂ ಅಲ್ಲಿಯೇ ಚೆಲ್ಲಿ ಹೊರಡಬೇಕು. ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಮರಿಗಳು ಆ ನೀರಿನಲ್ಲಿಯೇ ಕೆರೆಯಿಂದ ಕೆರೆಗೆ ಹರಡುತ್ತವೆ.

ಹುರುಪೆ ತೆಗೆದು ಮಸಾಲೆ ಸವರಿ, ಕರಾವಳಿಯ ರೀತಿಯಲ್ಲಿ ರವೆಯಲ್ಲಿ ಹೊರಳಿಸಿ ಹುರಿದರೆ ಬ್ಲೂಗಿಲ್ ಬಹಳ ರುಚಿ. ಪಾದರಸದ ಅಂಶ ದೊಡ್ಡ ಬೇಟೆ ಮೀನುಗಳಿಗಿಂತ ಇದರಲ್ಲಿ ಕಡಿಮೆ. ಆದರೂ ಗರ್ಭಿಣಿಯರಿಗೂ ಮಕ್ಕಳಿಗೂ ಬಡಿಸುವ ಮುನ್ನ, ರಾಜ್ಯದ ಆರೋಗ್ಯ ಇಲಾಖೆ ಕೆರೆವಾರು ಪ್ರಕಟಿಸುವ ಸಲಹೆಯನ್ನು ನೋಡಿಕೊಳ್ಳಬೇಕು.