ಆರ್ಚಸ್‌ಗೆ ಹೋದರೆ ಕಾಲು ಎಲ್ಲಿಡಬೇಕು?

ಅಮೆರಿಕದ ಯೂಟಾ ರಾಜ್ಯದಲ್ಲಿರುವ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ 2000ಕ್ಕೂ ಜಾಸ್ತಿ ಕಲ್ಲಿನ ಕಮಾನುಗಳಿವೆ. ಹೋದವರೆಲ್ಲ ತಲೆ ಎತ್ತಿಕೊಂಡೇ ನಡೆಯುತ್ತಾರೆ. ನಾನು ಹೋದ ದಿನ ಒಂದು ಕುಟುಂಬ ಫೋಟೊಗಾಗಿ ದಾರಿ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋಯಿತು. ಅವರು ಹೋದ ಮೇಲೆ ನೋಡಿದರೆ ಕಪ್ಪು ಮಣ್ಣು ಪುಡಿಯಾಗಿ, ಅಡಿಯ ಕೆಂಪು ಮರಳು ಶೂ ಆಕಾರದಲ್ಲಿ ಸಾಲಾಗಿ ಎದ್ದು ಕಾಣುತ್ತಿತ್ತು. ಇದನ್ನು ಬರೆಯುತ್ತಿರುವುದೇ ಆ ಹತ್ತು ಹೆಜ್ಜೆಗಾಗಿ.

1. ನೀರು: ಒಬ್ಬರಿಗೆ ದಿನಕ್ಕೆ 4 ಲೀಟರ್. ಉದ್ಯಾನದ ಪಕ್ಕದ ಮೋಆಬ್ ಊರಿನಲ್ಲೇ ತುಂಬಿಸಿಕೊಳ್ಳಿ.

2. ಶೂ: ಅಡಿ ಹಿಡಿತ ಇರುವಂಥದ್ದು. ಚಪ್ಪಲಿ ಬೇಡವೇ ಬೇಡ.

3. ಸಮಯ: ಬೆಳಗಿನ ಜಾವವೇ ಸರಿ. ಡೆಲಿಕೇಟ್ ಆರ್ಚ್ ಎಂಬ ಹೆಸರಾಂತ ಕಮಾನಿಗೆ ಹೋಗಿಬರಲು ಸುಮಾರು 5 ಕಿ.ಮೀ. ನಡಿಗೆ, ನೆರಳು ಇಲ್ಲವೆಂದೇ ಹೇಳಬೇಕು. ಬೇಸಿಗೆಯ ಮಧ್ಯಾಹ್ನ ಬಿಸಿಲು 38 ಡಿಗ್ರಿ ದಾಟುತ್ತದೆ.

4. ಕಾಲಿಡುವುದು: ಎಲ್ಲರೂ ತಪ್ಪುವುದು ಇಲ್ಲೇ. ದಾರಿ ಪಕ್ಕ ಕೂತು ನೆಲವನ್ನು ಹತ್ತಿರದಿಂದ ನೋಡಿ. ಗಾಯದ ಮೇಲಿನ ಹಕ್ಕಳೆಯ ಹಾಗೆ ಕಪ್ಪಗೆ, ಗಂಟುಗಂಟಾಗಿ ಕಾಣುತ್ತದಲ್ವಾ? ಅದಕ್ಕೆ ಜೀವ ಇದೆ. ಸೈನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಒದ್ದೆಯಾದಾಗ ಮರಳಿನೊಳಗೆ ಸರಿದಾಡಿ, ಅಂಟಂಟು ಎಳೆ ಬಿಡುತ್ತಾ ಕಣಕ್ಕೆ ಕಣ ಹೆಣೆಯುತ್ತವೆ. ಗಾಳಿಗೆ ಮರಳು ಹಾರದಂತೆ ಹಿಡಿದಿರುವುದು ಈ ಹೆಣಿಗೆಯೇ. ಗಿಡಗಳಿಗೆ ಸಾರಜನಕ ಕೊಡುವುದೂ ಇದೇ. ಒಣಗಿದಾಗ ತುಳಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು.

ಕಪ್ಪಗಿಲ್ಲದ ಕಡೆ ತುಳಿಯಬಹುದು ಅಂದುಕೊಳ್ಳಬೇಡಿ. ಎಳೆಯ ಹಕ್ಕಳೆ ಬರೀ ಮರಳಿನ ಹಾಗೇ ಕಾಣುತ್ತದೆ. ಹಾಗಾಗಿ ಕಾಲಿಡಬೇಕಾದದ್ದು ಮೂರೇ ಕಡೆ: ಗುರುತು ಮಾಡಿದ ದಾರಿ, ಬರೀ ಬಂಡೆ, ಒಣಗಿದ ಹಳ್ಳದ ಪಾತ್ರ. ಎದುರಿಗೆ ಜನ ಬಂದರೆ ದಾರಿಯಲ್ಲೇ ಅಥವಾ ಬಂಡೆಯ ಮೇಲೆ ನಿಂತುಕೊಳ್ಳಿ, ಪಕ್ಕದ ಮಣ್ಣಿಗೆ ಇಳಿಯಬೇಡಿ. ಯಾರದೋ ಹೆಜ್ಜೆಗುರುತು ಕಂಡ ಮಾತ್ರಕ್ಕೆ ಅದು ದಾರಿಯಲ್ಲ, ಆ ಒಳದಾರಿ ಹಿಡಿದರೆ ನಿಮ್ಮ ಹಿಂದೆ ಇನ್ನೂ ನಾಲ್ವರು ಬರುತ್ತಾರೆ. ಗೊತ್ತಿಲ್ಲದೆ ತುಳಿದುಬಿಟ್ಟರೆ ಅಲ್ಲೇ ತಿರುಗಿ, ನಿಮ್ಮದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ವಾಪಸ್ ಬನ್ನಿ. ಫೋಟೊ ಬೇಕಿದ್ದರೆ ದಾರಿಯಲ್ಲೇ ನಿಂತು ಜೂಮ್ ಮಾಡಿ.

5. ಬಂಡೆ: ಮರಳುಗಲ್ಲನ್ನು ಹತ್ತುವುದು ಸುಲಭ, ಇಳಿಯುವಾಗ ಮೊಣಕಾಲು ನಡುಗುತ್ತದೆ. ಇಳಿಯಲು ಆಗುತ್ತದೆ ಅನ್ನಿಸಿದಷ್ಟೇ ಹತ್ತಿ. ಮಳೆ ಬಿದ್ದರೆ ಹತ್ತಲೇಬೇಡಿ. ಒದ್ದೆ ಮರಳುಗಲ್ಲು ಜಾರುತ್ತದೆ, ಗಟ್ಟಿತನವನ್ನೂ ಕಳೆದುಕೊಳ್ಳುತ್ತದೆ. ಕಮಾನುಗಳ ಮೇಲಂತೂ ಹತ್ತಬೇಡಿ. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ದೊಡ್ಡ ಚಪ್ಪಡಿಯೇ ಕಳಚಿ ಬಿತ್ತು, ಆಮೇಲೆ ಅದರ ಕೆಳಗಿನ ದಾರಿ ಮುಚ್ಚಿದರು. 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ರಾತ್ರೋರಾತ್ರಿ ಕುಸಿಯಿತು. ಬಂಡೆಯ ಮೇಲೆ ದಾರಿ ತೋರಿಸಲು ಇಟ್ಟಿರುವ ಕಲ್ಲಿನ ಗುಪ್ಪೆಗಳನ್ನು ಕೆಡವಬೇಡಿ, ಸುಮ್ನೆ ಹೊಸದು ಕಟ್ಟಲೂಬೇಡಿ. ನೋಡಿದವರು ದಾರಿ ತಪ್ಪುತ್ತಾರೆ.

6. ಹೊಂಡ: ಮಳೆ ಬಂದ ಮೇಲೆ ಬಂಡೆಯ ತಗ್ಗುಗಳಲ್ಲಿ ನೀರು ನಿಂತಿರುತ್ತದೆ. ಕೈ ತೊಳೆಯಬೇಡಿ. ಸನ್‌ಸ್ಕ್ರೀನ್ ಹಚ್ಚಿದ ಕೈಯಾದರಂತೂ ಅದ್ದಲೇಬೇಡಿ, ಎಂಥ ದುಬಾರಿ ಕ್ರೀಮ್ ಆದರೂ ಅಷ್ಟೇ. ಆ ನೀರಿನಲ್ಲಿ ಉಗುರಿನಷ್ಟು ಉದ್ದದ ಸೀಗಡಿಗಳು ಈಜುತ್ತಿರುತ್ತವೆ. ಹೊಂಡ ಬತ್ತಿದ್ದರೂ ಸುತ್ತಿಕೊಂಡೇ ಹೋಗಿ. ತಳದ ಒಣಮಣ್ಣಿನಲ್ಲಿ ಅವುಗಳ ಮೊಟ್ಟೆಗಳು ಮುಂದಿನ ಮಳೆಗೆ ಕಾಯುತ್ತಿರುತ್ತವೆ.